ಸುರಂಗ ಯೋಜನೆಯಲ್ಲಿ ಬಂಡೆಯ ಬಲ, ಇಳಿಜಾರಿನ ಭದ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುರಂಗದ ಕೆಲಸಕ್ಕೆ ಹೊಸದಾಗಿ ಸೇರಿದ ಎಂಜಿನಿಯರುಗಳು, ಭೂವಿಜ್ಞಾನ ಓದಿ ಬಂದವರು, ಸೈಟ್ ಮೇಲ್ವಿಚಾರಕರು ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು.

ಲ್ಯಾಬ್‌ನಲ್ಲಿ ಕೋರ್ ತುಂಡು (ಬೋರ್‌ಹೋಲಿನಿಂದ ತೆಗೆದ ಉರುಳೆಯಾಕಾರದ ಕಲ್ಲು) 100 ಮೆಗಾಪ್ಯಾಸ್ಕಲ್ ಒತ್ತಡ ತಡೆದಿದೆ. ಬಂಡೆ ಗಟ್ಟಿ ಅಂತ ಬರೆದುಬಿಡಬಹುದಾ?

ಕಲ್ಲು ಗಟ್ಟಿ ಅಂತ ಬರೆಯಬಹುದು. ಬಿರುಕುಗಳೂ ಸೇರಿದ ಇಡೀ ಬಂಡೆರಾಶಿ ಗಟ್ಟಿ ಅಂತ ಬರೆಯುವ ಹಾಗಿಲ್ಲ.

ಲ್ಯಾಬ್‌ಗೆ ಹೋಗುವ ತುಂಡು ಸುಮಾರು 50 ಮಿಲಿಮೀಟರ್ ದಪ್ಪ ಇರುತ್ತದೆ. ಅದೂ ಮುರಿಯದೆ ಉಳಿದ ತುಂಡು. ಮುರಿದದ್ದು ಪರೀಕ್ಷೆಗೆ ಹೋಗುವುದೇ ಇಲ್ಲ, ಅಲ್ವಾ? ಹಾಗಾಗಿ ಲ್ಯಾಬ್ ಸಂಖ್ಯೆ ಯಾವಾಗಲೂ ಬಂಡೆಯ ಒಳ್ಳೆಯ ಮುಖವನ್ನೇ ತೋರಿಸುತ್ತದೆ. ಸುರಂಗ ಅಗೆಯುವುದು ಹತ್ತು ಮೀಟರ್ ಅಗಲಕ್ಕೆ. ಆ ಅಗಲದಲ್ಲಿ ನೂರಾರು ಬಿರುಕುಗಳು, ಕೊಳೆತ ಪಟ್ಟಿಗಳು, ಜೇಡಿ ತುಂಬಿದ ಸೀಳುಗಳು ಎಲ್ಲ ಬರುತ್ತವೆ. ಗಾರೆ ಹಾಕದೆ ಜೋಡಿಸಿದ ಕಲ್ಲಿನ ಗೋಡೆಯ ಬಲವನ್ನು ಒಂದು ಕಲ್ಲು ಒಡೆದು ನೋಡಿ ಹೇಳಲಾಗುವುದಿಲ್ಲ. ಇದೂ ಹಾಗೆಯೇ.

ಹಾಗಾದರೆ ನಿಜವಾದ ಬಲ ಎಷ್ಟು ಕಡಿಮೆ ಇರುತ್ತೆ?

ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಇದಕ್ಕೆ ಹೆಚ್ಚಾಗಿ ಬಳಸುವುದು ಹೋಕ್–ಬ್ರೌನ್ ಸೂತ್ರ. ಅದು 1980ರಲ್ಲಿ ಬಂತು. ಈಗ ಸಾಮಾನ್ಯವಾಗಿ ಬಳಸುವುದು ಅದರ 2002ರ ರೂಪ. ಅದಕ್ಕೆ ಬೇಕಾಗುವುದು ನಾಲ್ಕು ವಿಷಯ: ಕಲ್ಲಿನ ಲ್ಯಾಬ್ ಬಲ, ಕಲ್ಲಿನ ಜಾತಿಗೆ ತಕ್ಕ ಒಂದು ಸ್ಥಿರಾಂಕ, ಬಿರುಕುಗಳ ಸ್ಥಿತಿ ಹೇಳುವ ಜಿಎಸ್‌ಐ, ಮತ್ತು ಸಿಡಿಮದ್ದಿನಿಂದ ಆದ ಹಾನಿ ಹೇಳುವ 'ಡಿ'. ಈ ಡಿ ಸೊನ್ನೆಯಿಂದ ಒಂದರವರೆಗೆ ಇರುತ್ತದೆ.

ಒಂದು ಲೆಕ್ಕ ನೋಡಿ. ಲ್ಯಾಬ್ ಬಲ 100 ಮೆಗಾಪ್ಯಾಸ್ಕಲ್. ಜಿಎಸ್‌ಐ 50, ಅಂದರೆ ಸಾಧಾರಣವಾಗಿ ಬಿರುಕು ಬಿಟ್ಟ ಬಂಡೆ. ಸಿಡಿತದ ಹಾನಿ ಇಲ್ಲ ಅಂದುಕೊಂಡರೆ, ಸುತ್ತಲಿಂದ ಯಾವ ಒತ್ತೂ ಇಲ್ಲದ ಜಾಗದಲ್ಲಿ ಬಂಡೆರಾಶಿ ತಡೆಯುವ ಒತ್ತಡ ಸುಮಾರು 6 ಮೆಗಾಪ್ಯಾಸ್ಕಲ್. ಅದೇ ಬಂಡೆಯನ್ನು ಹೇಗೆಂದರೆ ಹಾಗೆ ಸಿಡಿಸಿ ಡಿ ಒಂದಕ್ಕೆ ಹೋದರೆ, ಸುಮಾರು 1.5. ನೂರು ಇದ್ದದ್ದು ಒಂದೂವರೆಗೆ ಇಳಿಯಿತು. ಸುತ್ತಲಿನ ಒತ್ತು ಇದ್ದಲ್ಲಿ ಬಲ ಇದಕ್ಕಿಂತ ಜಾಸ್ತಿ. ಹಾಗಾಗಿ ಆಳದಲ್ಲಿ ಬಂಡೆ ಗಟ್ಟಿಯಾಗಿ ನಡೆದುಕೊಳ್ಳುತ್ತದೆ. ಅಗೆದು ತೆರೆದ ಮುಖದಲ್ಲಿ ಆ ಒತ್ತು ಹೋಗಿಬಿಡುತ್ತದೆ.

ಒಂದು ಎಚ್ಚರಿಕೆ. ಎಲ್ಲ ದಿಕ್ಕಿಗೂ ಸಾಕಷ್ಟು ಬಿರುಕುಗಳಿದ್ದು, ಬಂಡೆರಾಶಿ ಎಲ್ಲ ಕಡೆಯೂ ಒಂದೇ ತರ ನಡೆದುಕೊಳ್ಳುವಾಗ ಮಾತ್ರ ಈ ಸೂತ್ರ ಸರಿ. ಒಂದೇ ಒಂದು ದೊಡ್ಡ ಜಾರುಪದರ ಇಡೀ ಜಾಗವನ್ನು ಆಳುತ್ತಿದ್ದರೆ ಈ ಲೆಕ್ಕ ಬದಿಗಿಟ್ಟು ಆ ಪದರದ ಬಲವನ್ನೇ ಅಳೆಯಬೇಕು. ಇಳಿಜಾರುಗಳಲ್ಲಿ ಹೆಚ್ಚು ಸಲ ಹೀಗೇ ಆಗುವುದು.

ಆರ್‌ಕ್ಯೂಡಿ ಇದ್ದರೆ ಸಾಕಲ್ವಾ?

ಸಾಲದು. 1960ರ ದಶಕದಲ್ಲಿ ಡಾನ್ ಡೀರ್ ಕೊಟ್ಟ ಅಳತೆ ಇದು. ಕೋರ್‌ನಲ್ಲಿ 10 ಸೆಂಟಿಮೀಟರಿಗಿಂತ ಉದ್ದದ ಗಟ್ಟಿ ತುಂಡುಗಳನ್ನೆಲ್ಲ ಕೂಡಿ, ಕೊರೆದ ಉದ್ದದಿಂದ ಭಾಗಿಸಿ ಶೇಕಡಾ ಹೇಳುತ್ತಾರೆ. 90ರ ಮೇಲೆ ಅತ್ಯುತ್ತಮ, 25ಕ್ಕಿಂತ ಕೆಳಗೆ ತೀರಾ ಕಳಪೆ.

ತುಂಡುಗಳೆಲ್ಲ 11 ಸೆಂಟಿಮೀಟರ್ ಇದ್ದರೆ ಆರ್‌ಕ್ಯೂಡಿ 100. ಎಲ್ಲವೂ 9 ಸೆಂಟಿಮೀಟರ್ ಇದ್ದರೆ ಸೊನ್ನೆ! ಬಂಡೆಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಬಿರುಕಿನೊಳಗೆ ಜೇಡಿ ಇದೆಯಾ, ಒರಟಾಗಿದೆಯಾ, ನೀರು ಬರುತ್ತಿದೆಯಾ ಅನ್ನುವುದನ್ನೂ ಅದು ಹೇಳುವುದಿಲ್ಲ. ಡ್ರಿಲ್ಲರ್ ಅವಸರದಲ್ಲಿ ಮುರಿದ ತುಂಡನ್ನು ಬಿರುಕು ಅಂತ ಎಣಿಸಿದರೆ ಸಂಖ್ಯೆ ಇನ್ನೂ ಕೆಡುತ್ತದೆ. ಹೊಸದಾಗಿ ಮುರಿದ ಮುಖ ಹೊಳೆಯುತ್ತದೆ, ಕಲೆ ಇರುವುದಿಲ್ಲ. ಕೋರ್ ಬಾಕ್ಸ್ ಮುಂದೆ ಕೂತು ಒಂದೊಂದೇ ತುಂಡು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಫೋಟೋ ನೋಡಿ ಎಣಿಸಬೇಡಿ.

ಇನ್ನೊಂದು ಮಾತು. ನೇರ ಕೆಳಗೆ ಕೊರೆದ ಬೋರ್‌ಹೋಲಿಗೆ ನೆಟ್ಟಗೆ ನಿಂತ ಬಿರುಕುಗಳು ಸಿಗುವುದೇ ಅಪರೂಪ. ಎಲ್ಲ ಬೋರ್‌ಹೋಲ್ ಲಂಬವಾಗಿದ್ದು ಆರ್‌ಕ್ಯೂಡಿ ಚೆನ್ನಾಗಿ ಬಂದರೆ ಖುಷಿಪಡುವ ಮುಂಚೆ ಒಂದಾದರೂ ಓರೆ ಬೋರ್‌ಹೋಲ್ ಹಾಕಿಸಿ.

ಆರ್‌ಎಂಆರ್, ಕ್ಯೂ, ಜಿಎಸ್‌ಐ. ಇವುಗಳಲ್ಲಿ ಯಾವುದನ್ನು ಬಳಸಬೇಕು?

ಮೂರೂ ಬಂಡೆರಾಶಿಗೆ ಅಂಕ ಕೊಡುವ ಪದ್ಧತಿಗಳು, ಆದರೆ ಮೂರರ ಕೆಲಸವೂ ಬೇರೆ ಬೇರೆ.

ಆರ್‌ಎಂಆರ್ ಅನ್ನು ಬಿಯೆನಿಯಾವ್‌ಸ್ಕಿ 1973ರಲ್ಲಿ ಕೊಟ್ಟರು. ಈಗ ಹೆಚ್ಚು ಚಾಲ್ತಿಯಲ್ಲಿರುವುದು 1989ರ ರೂಪ. ನೂರು ಅಂಕದ ಪರೀಕ್ಷೆ ಇದು: ಕಲ್ಲಿನ ಬಲಕ್ಕೆ 15, ಆರ್‌ಕ್ಯೂಡಿಗೆ 20, ಬಿರುಕುಗಳ ನಡುವಿನ ಅಂತರಕ್ಕೆ 20, ಬಿರುಕಿನ ಸ್ಥಿತಿಗೆ 30, ನೀರಿಗೆ 15. ಗಮನಿಸಿ, ಎಲ್ಲರೂ ಮೊದಲು ಕೇಳುವ ಕಲ್ಲಿನ ಬಲಕ್ಕೆ ಬರೀ 15. ಬಿರುಕು ಹೇಗಿದೆ ಅನ್ನುವುದಕ್ಕೆ ಅದರ ಎರಡರಷ್ಟು. ಒಟ್ಟು ಅಂಕದಲ್ಲಿ ಬಿರುಕಿನ ದಿಕ್ಕು ನೋಡಿ ಕಳೆಯುತ್ತಾರೆ. ಆಸರೆ ಕೊಡದೆ ಸುರಂಗ ಎಷ್ಟು ಹೊತ್ತು ನಿಂತೀತು ಅನ್ನುವ ಅಂದಾಜೂ ಇದರಿಂದ ಸಿಗುತ್ತದೆ. 41ರಿಂದ 60 ಅಂಕದ ಬಂಡೆಯಲ್ಲಿ 5 ಮೀಟರ್ ಅಗಲಕ್ಕೆ ಒಂದು ವಾರ. 21ರಿಂದ 40 ಅಂಕದ್ದರಲ್ಲಿ ಎರಡೂವರೆ ಮೀಟರಿಗೆ ಹತ್ತು ಗಂಟೆ. ರಾತ್ರಿ ಪಾಳಿಯಲ್ಲಿ ಶಾಟ್‌ಕ್ರೀಟ್ (ಬಂಡೆಯ ಮೇಲೆ ರಭಸದಿಂದ ಎರಚುವ ಕಾಂಕ್ರೀಟ್) ಯಂತ್ರ ಕೆಟ್ಟರೆ ಈ ಹತ್ತು ಗಂಟೆಯ ಬೆಲೆ ತಿಳಿಯುತ್ತದೆ.

ಕ್ಯೂ ಪದ್ಧತಿ 1974ರದ್ದು. ನಾರ್ವೆಯ ಜಿಯೋಟೆಕ್ನಿಕಲ್ ಸಂಸ್ಥೆಯಲ್ಲಿ ಬಾರ್ಟನ್, ಲೀನ್, ಲುಂಡೆ ಸೇರಿ ಮಾಡಿದ್ದು. ಇದರಲ್ಲಿ ಮೂರು ಭಾಗಲಬ್ಧಗಳನ್ನು ಗುಣಿಸುತ್ತಾರೆ. ಮೊದಲನೆಯದು ಕಲ್ಲಿನ ತುಂಡುಗಳ ಗಾತ್ರ ಹೇಳುತ್ತದೆ, ಎರಡನೆಯದು ಬಿರುಕಿನ ಘರ್ಷಣೆ, ಮೂರನೆಯದು ನೀರು ಮತ್ತು ಒತ್ತಡ. ಉತ್ತರ 0.001ರಿಂದ 1000ದವರೆಗೆ ಬರಬಹುದು. ಎಷ್ಟು ಬೋಲ್ಟ್ (ಬಂಡೆಯೊಳಗೆ ಕೂರಿಸುವ ಉಕ್ಕಿನ ಸರಳು), ಎಷ್ಟು ದಪ್ಪ ಶಾಟ್‌ಕ್ರೀಟ್ ಬೇಕು ಅಂತ ಅದರದೇ ಚಾರ್ಟ್ ಹೇಳುತ್ತದೆ. ಹಾಗಾಗಿ ಸುರಂಗದ ಮುಖದಲ್ಲಿ ದಿನದ ಕೆಲಸಕ್ಕೆ ಇದು ಅನುಕೂಲ.

ಜಿಎಸ್‌ಐ ಆಸರೆಯ ಬಗ್ಗೆ ಏನೂ ಹೇಳುವುದಿಲ್ಲ. ಹೋಕ್–ಬ್ರೌನ್ ಲೆಕ್ಕಕ್ಕೆ ಬೇಕಾದ ಸಂಖ್ಯೆ ಕೊಡುವುದಷ್ಟೇ ಅದರ ಕೆಲಸ. ಅದರಲ್ಲಿ ನೀರನ್ನಾಗಲಿ ಬಿರುಕಿನ ದಿಕ್ಕನ್ನಾಗಲಿ ಸೇರಿಸಬಾರದು. ಅವು ಮುಂದೆ ಲೆಕ್ಕದಲ್ಲಿ ಬೇರೆಯಾಗಿ ಬರುತ್ತವೆ. ಎರಡು ಕಡೆ ಸೇರಿಸಿದರೆ ಒಂದೇ ತಪ್ಪಿಗೆ ಎರಡು ಸಲ ದಂಡ ಹಾಕಿದಂತಾಗುತ್ತದೆ.

ನನ್ನ ಅಭಿಪ್ರಾಯ: ಮುಖದಲ್ಲಿ ಆರ್‌ಎಂಆರ್ ಮತ್ತು ಕ್ಯೂ ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಎರಡೂ ಒಂದೇ ಕಥೆ ಹೇಳಿದರೆ ಸರಿ. ಹೇಳದಿದ್ದರೆ ಏನನ್ನೋ ನೋಡಲು ಮರೆತಿದ್ದೀರಿ.

ಒಂದರಿಂದ ಇನ್ನೊಂದನ್ನು ಸೂತ್ರದಿಂದ ಪಡೆಯಬಹುದಲ್ವಾ?

ಸೂತ್ರ ಇದೆ: ಕ್ಯೂ ಸಂಖ್ಯೆಯ ನ್ಯಾಚುರಲ್ ಲಾಗ್ ಅನ್ನು 9ರಿಂದ ಗುಣಿಸಿ 44 ಕೂಡಿದರೆ ಆರ್‌ಎಂಆರ್. ತಾಳೆ ನೋಡಲು ಬಳಸಿ. ಅಳೆಯದೆ ತಪ್ಪಿಸಿಕೊಳ್ಳಲು ಬಳಸಬೇಡಿ.

ಹೊರಗೆ ಕಾಣುವ ಬಂಡೆಯಲ್ಲಿ ಏನೇನು ಬರೆದುಕೊಳ್ಳಬೇಕು?

ಪ್ರತಿ ಬಿರುಕಿನ ಓರೆ ಎಷ್ಟು, ಯಾವ ದಿಕ್ಕಿಗೆ. ಎಷ್ಟು ದೂರ ಸಾಗುತ್ತದೆ. ಬಾಯಿ ಎಷ್ಟು ಬಿಟ್ಟಿದೆ. ಒಳಗೆ ಏನು ತುಂಬಿದೆ. ಮೇಲ್ಮೈ ಒರಟಾ, ನುಣುಪಾ. ನೀರು ಒಸರುತ್ತಿದೆಯಾ, ಒಣಗಿದ್ದರೂ ನೀರಿನ ಕಲೆ ಇದೆಯಾ.

ಇವುಗಳಲ್ಲಿ ಒಳಗೆ ಏನು ತುಂಬಿದೆ ಅನ್ನುವುದಕ್ಕೆ ಜಾಸ್ತಿ ಸಮಯ ಕೊಡಿ. ಒರಟಾದ, ಚೊಕ್ಕ ಬಿರುಕಿನಲ್ಲಿ ಘರ್ಷಣೆಯ ಕೋನ (ಘರ್ಷಣೆಯೊಂದರಿಂದಲೇ ಕಲ್ಲು ಜಾರದೆ ನಿಲ್ಲುವ ಗರಿಷ್ಠ ಓರೆ) 35–40 ಡಿಗ್ರಿ ಇರುತ್ತದೆ. ಜೇಡಿ ತುಂಬಿದರೆ 15ಕ್ಕೂ ಕೆಳಗೆ ಹೋಗಬಹುದು. ಎರಡು ಮಿಲಿಮೀಟರ್ ಜೇಡಿ ಇಡೀ ಗುಡ್ಡದ ಹಣೆಬರಹ ಬದಲಿಸಬಹುದು.

ಬಲದ ಅಂದಾಜಿಗೆ ಸ್ಮಿತ್ ಹ್ಯಾಮರ್ (ಬಡಿದಾಗ ಎಷ್ಟು ಪುಟಿಯುತ್ತದೆ ಅಂತ ನೋಡುವ ಸುತ್ತಿಗೆ), ಪಾಯಿಂಟ್ ಲೋಡ್ ಯಂತ್ರ (ಎರಡು ಮೊನೆಗಳ ನಡುವೆ ಕಲ್ಲು ಒತ್ತಿ ಒಡೆಯುವುದು) ಸಾಕು. ಪಾಯಿಂಟ್ ಲೋಡ್ ಸೂಚ್ಯಂಕವನ್ನು 20–25ರಿಂದ ಗುಣಿಸಿದರೆ ಗಟ್ಟಿ ಕಲ್ಲಿನ ಬಲದ ಹತ್ತಿರ ಬರುತ್ತದೆ. ಮೆತ್ತನೆ ಕಲ್ಲಿಗೆ ಈ ಗುಣಕ ಕಡಿಮೆ. ಶೇಲ್‌ನಂಥ ಕಲ್ಲಾದರೆ ನೀರಲ್ಲಿ ನೆನೆಸಿ, ಒಣಗಿಸಿ ನೋಡಿ. ಒಣಗಿದ್ದಾಗ ಗಟ್ಟಿ, ಮಳೆ ಬಿದ್ದರೆ ಪುಡಿ ಪುಡಿ ಆಗುವ ಕಲ್ಲುಗಳಿವೆ.

ಎಲ್ಲರೂ ಸುರಂಗದ ಬಾಯಿಗೇ ಯಾಕೆ ಅಷ್ಟು ಹೆದರುತ್ತಾರೆ?

ಕೆಟ್ಟದ್ದೆಲ್ಲ ಒಂದೇ ಜಾಗದಲ್ಲಿ ಸೇರುವುದು ಅಲ್ಲಿ. ಮೇಲಿನ ಬಂಡೆ ಮಳೆ ಬಿಸಿಲಿಗೆ ಸಿಕ್ಕು ಕೊಳೆತಿರುತ್ತದೆ. ನೂರಾರು ಸಾವಿರ ವರ್ಷಗಳಲ್ಲಿ ಕಣಿವೆ ಕೊರೆದುಹೋದಾಗ ಬಂಡೆಯ ಮೇಲಿನ ಒತ್ತು ಬಿಡುತ್ತದೆ. ಆಗ ಇಳಿಜಾರಿಗೆ ಸಮಾನಾಂತರವಾಗಿ ಬಿರುಕುಗಳು ಬಾಯಿ ಬಿಡುತ್ತವೆ. ಸುರಂಗದ ನೆತ್ತಿಯ ಮೇಲೆ ಕಮಾನು ಕಟ್ಟಿಕೊಳ್ಳುವಷ್ಟು ಬಂಡೆ ಇರುವುದಿಲ್ಲ. ಇದೆಲ್ಲದರ ಮೇಲೆ ನಾವು ಹೋಗಿ ಇಳಿಜಾರಿನ ಬುಡವನ್ನೇ ಕಡಿಯುತ್ತೇವೆ.

ಇಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಕೇಳಬೇಕು. ಇಳಿಜಾರು ನಿಲ್ಲುತ್ತದೆಯಾ? ಅದರೊಳಗೆ ರಂಧ್ರ ಕೊರೆದಾಗಲೂ ನಿಲ್ಲುತ್ತದೆಯಾ? ಹೆಚ್ಚಿನ ವರದಿಗಳಲ್ಲಿ ಇಳಿಜಾರಿನ ಲೆಕ್ಕ ಒಬ್ಬರು, ಸುರಂಗದ ಲೆಕ್ಕ ಇನ್ನೊಬ್ಬರು ಮಾಡಿರುತ್ತಾರೆ. ಎರಡೂ ತಮ್ಮಷ್ಟಕ್ಕೆ ಸರಿ ಇರುತ್ತವೆ. ಸುರಂಗ ಕೊರೆದ ಮೇಲೆ ಇಳಿಜಾರಿನ ಬುಡ ಸಡಿಲವಾಗುವುದು ಇಬ್ಬರ ಕಾಗದದಲ್ಲೂ ಇರುವುದಿಲ್ಲ. ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ.

ಕೆಲಸದ ಕ್ರಮ ಸರಳ. ಮೊದಲು ಮೇಲೆ ಮಳೆನೀರಿನ ಚರಂಡಿ. ನಂತರ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಕಡಿಯುವುದು. ಒಂದು ಮೆಟ್ಟಿಲಿಗೆ ಬೋಲ್ಟ್, ಜಾಲರಿ, ಶಾಟ್‌ಕ್ರೀಟ್ ಹಾಕಿ ಮುಗಿಸುವ ತನಕ ಕೆಳಗಿನದಕ್ಕೆ ಕೈ ಹಾಕಬಾರದು. ನೀರು ಹೊರಬರಲು ಓರೆ ತೂತುಗಳು. ಆಮೇಲೆ ನೆತ್ತಿಯ ಸುತ್ತ ಉಕ್ಕಿನ ಪೈಪುಗಳ ಕೊಡೆ. ಅದಾದ ಮೇಲೆಯೇ ಒಳಗೆ ಹೋಗುವುದು, ಅದೂ ಗೇಣು ಗೇಣಾಗಿ. ಅವಸರಕ್ಕೆ ಇಡೀ ಇಳಿಜಾರನ್ನು ಒಂದೇ ಸಲ ಕಡಿದುಬಿಟ್ಟು, ಆಮೇಲೆ ಆಸರೆ ಕೊಡೋಣ ಅನ್ನುವ ಕಡೆಗಳಲ್ಲೇ ಮೊದಲ ದೊಡ್ಡ ಮಳೆಗೆ ಗುಡ್ಡ ಕೆಳಗೆ ಬರುವುದು.

ಸಾಧ್ಯವಾದರೆ ಸುರಂಗ ಇಳಿಜಾರಿಗೆ ನೇರವಾಗಿ ಒಳಹೊಕ್ಕುವ ಹಾಗೆ ಜಾಗ ಆರಿಸಿ. ಇಳಿಜಾರಿನ ಪಕ್ಕದಲ್ಲೇ ಸಮಾನಾಂತರವಾಗಿ ಓಡುವ ಸುರಂಗದಲ್ಲಿ ಒಂದು ಕಡೆ ಗುಡ್ಡದ ಭಾರ, ಇನ್ನೊಂದು ಕಡೆ ಬಯಲು. ಒತ್ತಡ ಓರೆಯಾಗಿ ಬಂದು ಒಂದು ಭುಜದ ಮೇಲೆ ಕೂರುತ್ತದೆ.

ಬಂಡೆಯ ಇಳಿಜಾರು ಹೇಗೆಲ್ಲ ಜಾರುತ್ತೆ?

ಮುಖ್ಯವಾಗಿ ಮೂರು ರೀತಿ. ಒಂದೇ ಪದರದ ಮೇಲೆ ಚಪ್ಪಡಿ ಜಾರುವುದು. ಎರಡು ಬಿರುಕು ಕೂಡಿದಲ್ಲಿ ಬೆಣೆಯಾಕಾರದ ತುಂಡು ಜಾರುವುದು. ಗುಡ್ಡದ ಒಳಕ್ಕೆ ಓರೆಯಾಗಿರುವ ಕಡಿದಾದ ಪದರಗಳು ಹೊರಕ್ಕೆ ಮಗುಚುವುದು. ತೀರಾ ಕೊಳೆತ ಅಥವಾ ನುಚ್ಚುನೂರಾದ ಬಂಡೆಯಾದರೆ ಮಣ್ಣಿನ ಹಾಗೆ ದುಂಡಗೆ ಕುಸಿಯುತ್ತದೆ.

ಚಪ್ಪಡಿ ಜಾರಬೇಕಾದರೆ ಪದರದ ಓರೆ ಘರ್ಷಣೆಯ ಕೋನಕ್ಕಿಂತ ಜಾಸ್ತಿ ಇರಬೇಕು, ಕಡಿದ ಮುಖದ ಓರೆಗಿಂತ ಕಡಿಮೆ ಇರಬೇಕು, ದಿಕ್ಕು ಮುಖದ ದಿಕ್ಕಿನಿಂದ ಸುಮಾರು 20 ಡಿಗ್ರಿಯ ಒಳಗಿರಬೇಕು. ಸ್ಟೀರಿಯೋನೆಟ್ (ಓರೆ, ದಿಕ್ಕು ಎರಡನ್ನೂ ಒಟ್ಟಿಗೆ ತೋರಿಸುವ ದುಂಡನೆಯ ನಕ್ಷೆ) ಮೇಲೆ ಬಿರುಕುಗಳನ್ನು ಗುರುತಿಸಿದರೆ ಇದು ಹತ್ತು ನಿಮಿಷದಲ್ಲಿ ಕಾಣುತ್ತದೆ. ಮುಖವನ್ನು ಹತ್ತು ಡಿಗ್ರಿ ತಿರುಗಿಸಿದರೆ ಅಥವಾ ಸ್ವಲ್ಪ ಓರೆ ತಗ್ಗಿಸಿದರೆ ಎಷ್ಟೋ ಬೋಲ್ಟ್ ಉಳಿಯುತ್ತದೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಆದರೆ ಸ್ಟೀರಿಯೋನೆಟ್ ತುಂಡಿನ ಗಾತ್ರ, ನೀರು, ಅಂಟುಬಲ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸೇಫ್ಟಿ ಫ್ಯಾಕ್ಟರ್ (ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದ್ದು) 1.2 ಬಂದಿದೆ. ಸಾಕಾ?

ನೀರನ್ನು ಸೇರಿಸಿದ್ದೀರಾ ಅಂತ ಮೊದಲು ಹೇಳಿ.

35 ಡಿಗ್ರಿ ಓರೆಯ ಪದರದ ಮೇಲೆ 3 ಮೀಟರ್ ದಪ್ಪದ ಚಪ್ಪಡಿ ಕೂತಿದೆ ಅಂದುಕೊಳ್ಳಿ. ಘರ್ಷಣೆಯ ಕೋನ 40. ಅಂಟುಬಲ ಇಲ್ಲ. ಒಣಗಿದ್ದಾಗ ಲೆಕ್ಕ ಸುಲಭ: 40ರ ಟ್ಯಾನ್ ಅನ್ನು 35ರ ಟ್ಯಾನ್‌ನಿಂದ ಭಾಗಿಸಿದರೆ 1.2. ಈಗ ಮಳೆ ಬಂತು, ಪದರದೊಳಗೆ ನೀರು ಸೇರಿತು. ಘನ ಮೀಟರಿಗೆ 26 ಕಿಲೋನ್ಯೂಟನ್ ತೂಕದ ಬಂಡೆಯಾದರೆ ಪದರವನ್ನು ಒತ್ತುತ್ತಿರುವುದು ಸುಮಾರು 64 ಕಿಲೋಪ್ಯಾಸ್ಕಲ್. ನೀರು ಅದರಲ್ಲಿ 10 ಕಿಲೋಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ ಕಿತ್ತುಕೊಂಡರೆ ಸಾಕು, ಫ್ಯಾಕ್ಟರ್ 1ಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಒತ್ತಡಕ್ಕೆ ಬೇಕಾದ ನೀರಿನ ಎತ್ತರ ಬರೀ ಒಂದು ಮೀಟರ್ ಚಿಲ್ಲರೆ! ಬೇಸಿಗೆಯಲ್ಲಿ ನೋಡಿ ಬಂದು "ಭದ್ರವಾಗಿದೆ" ಅಂತ ಬರೆದ ಇಳಿಜಾರು ಮಳೆಗಾಲದಲ್ಲಿ ಜಾರುವುದರ ಹಿಂದಿನ ಲೆಕ್ಕ ಇಷ್ಟೇ.

ಸಾಮಾನ್ಯ ರೂಢಿ ಹೀಗಿದೆ: ತಾತ್ಕಾಲಿಕ ಇಳಿಜಾರಿಗೆ 1.3, ಕಾಯಂ ಇಳಿಜಾರಿಗೆ 1.5, ಭೂಕಂಪದ ಹೊತ್ತಿಗೆ 1ಕ್ಕಿಂತ ಸ್ವಲ್ಪ ಮೇಲೆ. ನಿಮ್ಮ ಯೋಜನೆಗೆ ಅನ್ವಯಿಸುವ ಸಂಹಿತೆಯಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಮತ್ತೆ, ಬೋಲ್ಟ್ ಜಾಸ್ತಿ ಹಾಕುವ ಮುಂಚೆ ನೀರು ಇಳಿಸುವ ತೂತುಗಳ ಲೆಕ್ಕ ಮಾಡಿ. ಹೆಚ್ಚು ಸಲ ಅವೇ ಅಗ್ಗ, ಅವೇ ಪರಿಣಾಮಕಾರಿ. ಆದರೆ ಅವು ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುವವರು ಬೇಕು.

ಆರ್‌ಎಂಆರ್ ಅನ್ನೇ ಇಳಿಜಾರಿಗೂ ಹಾಕಬಹುದಾ?

ಸುಮ್ನೆ ಹಾಗೇ ಹಾಕಬೇಡಿ. ಬಿರುಕಿನ ದಿಕ್ಕು ಕೆಟ್ಟದಿದ್ದರೆ ಸುರಂಗದಲ್ಲಿ ಕಳೆಯುವುದು ಹೆಚ್ಚೆಂದರೆ 12 ಅಂಕ. ಇಳಿಜಾರಿನಲ್ಲಿ 60ರವರೆಗೆ ಹೋಗುತ್ತದೆ. ಅದನ್ನು ಕ್ರಮವಾಗಿ ಲೆಕ್ಕ ಹಾಕಲು ರೊಮಾನಾ 1985ರಲ್ಲಿ ಎಸ್‌ಎಂಆರ್ ಕೊಟ್ಟರು. ಬಿರುಕು ಮತ್ತು ಇಳಿಜಾರಿನ ದಿಕ್ಕು–ಓರೆ ಹೋಲಿಸಿ ಅದರಲ್ಲಿ ಅಂಕ ಕಳೆಯುತ್ತಾರೆ. ಕಡಿದ ವಿಧಾನಕ್ಕೂ ಅಂಕ ಇದೆ: ಪ್ರಕೃತಿಯೇ ಮಾಡಿದ ಇಳಿಜಾರಿಗೆ 15 ಸೇರಿಸುತ್ತಾರೆ, ಪ್ರಿಸ್ಪ್ಲಿಟ್ ಸಿಡಿತಕ್ಕೆ (ಅಂಚಿನ ಗೆರೆಯನ್ನು ಮೊದಲೇ ಸೀಳಿಕೊಂಡು ಸಿಡಿಸುವುದು) 10 ಸೇರಿಸುತ್ತಾರೆ, ಕೆಟ್ಟದಾಗಿ ಸಿಡಿಸಿದ್ದಕ್ಕೆ 8 ಕಳೆಯುತ್ತಾರೆ.

ಸಿಡಿತದಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಮೇಲಿನ 6 ಮತ್ತು 1.5ರ ಲೆಕ್ಕ ಇನ್ನೊಮ್ಮೆ ನೋಡಿ. ಸಿಡಿಸಿದ ಮೇಲೆ ಮುಖದಲ್ಲಿ ಅರ್ಧ ಕೊಳವೆಯಂಥ ಡ್ರಿಲ್ ಗುರುತುಗಳು ಉದ್ದಕ್ಕೂ ಉಳಿದಿದ್ದರೆ ಕೆಲಸ ಚೆನ್ನಾಗಿ ಆಗಿದೆ. ಬಂಡೆ ಹರಿದು ಗುರುತೇ ಇಲ್ಲದಿದ್ದರೆ, ಮದ್ದು ಜಾಸ್ತಿ ಆಗಿದೆ ಅಥವಾ ಬಂಡೆಯೇ ಕಳಪೆ. ಯಾವುದು ಅಂತ ತಿಳಿದ ಮೇಲೆ ಮುಂದಿನ ಸುತ್ತು.

ಆಳಕ್ಕೆ ಹೋದಂತೆ ತೊಂದರೆ ಕಡಿಮೆ ಆಗುತ್ತಲ್ವಾ?

ತೊಂದರೆಯ ಬಗೆ ಬದಲಾಗುತ್ತದೆ. ಗಟ್ಟಿಯಾದ, ಬಿರುಕಿಲ್ಲದ ಬಂಡೆಯಲ್ಲಿ ಆಳ ಜಾಸ್ತಿಯಾದರೆ ಗೋಡೆ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಮೆತ್ತನೆ ಬಂಡೆಯಲ್ಲಿ ಸುರಂಗ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಎರಡನೆಯದಕ್ಕೆ ಹೋಕ್ ಮತ್ತು ಮಾರಿನೋಸ್ 2000ದಲ್ಲಿ ಕೊಟ್ಟ ಸರಳ ಅಂದಾಜು ಇದೆ. ಬಂಡೆರಾಶಿಯ ಒಟ್ಟು ಬಲವನ್ನು ಮೇಲಿನ ಒತ್ತಡದಿಂದ ಭಾಗಿಸಿ. 300 ಮೀಟರ್ ಆಳದಲ್ಲಿ ಒತ್ತಡ ಸುಮಾರು 8 ಮೆಗಾಪ್ಯಾಸ್ಕಲ್. ಬಲ 1.6 ಇದ್ದರೆ ಅನುಪಾತ 0.2. ಆಗ ಆಸರೆ ಇಲ್ಲದ ಸುರಂಗ ಅದರ ವ್ಯಾಸದ ಶೇಕಡಾ 5ರಷ್ಟು ಕುಗ್ಗುತ್ತದೆ, ಅಂದರೆ 10 ಮೀಟರ್ ಸುರಂಗದಲ್ಲಿ ಅರ್ಧ ಮೀಟರ್. ಶೇಕಡಾ 1ರ ಒಳಗಿದ್ದರೆ ಮಾಮೂಲಿ ಆಸರೆ ಸಾಕಾಗುತ್ತದೆ. 5 ಅಂದರೆ ಅಗೆತದ ಕ್ರಮವನ್ನೇ ಬೇರೆಯಾಗಿ ಯೋಚಿಸಬೇಕು.

ಬೋರ್‌ಹೋಲ್ ಎಷ್ಟು ಹಾಕಿಸಬೇಕು?

ಇಷ್ಟು ಮೀಟರಿಗೆ ಒಂದು ಅಂತ ಲೆಕ್ಕ ಹೇಳುವವರಿದ್ದಾರೆ. ನಾನು ಜಾಗ ಮುಖ್ಯ ಅನ್ನುತ್ತೇನೆ: ಎರಡೂ ಬಾಯಿಗಳು, ಸುರಂಗ ಹಳ್ಳ–ನದಿಯ ಕೆಳಗೆ ದಾಟುವ ಕಡೆ, ನಕ್ಷೆಯಲ್ಲಿ ಭ್ರಂಶ (ಬಂಡೆ ಒಡೆದು ಸರಿದ ಸೀಳು) ಕಾಣುವ ಕಡೆ.

ಸ್ವಿಟ್ಜರ್ಲೆಂಡಿನ ಲೋಚ್‌ಬರ್ಗ್ ಸುರಂಗದ ಕಥೆ ಗೊತ್ತಿರಲಿ. ಅದು ಕಾಂಡರ್ ನದಿಯ ಕಣಿವೆಯ ಅಡಿಯಲ್ಲಿ ಹೋಗುತ್ತಿತ್ತು. ಕಣಿವೆಯಲ್ಲಿ ತುಂಬಿದ ಜಲ್ಲಿ ಸುರಂಗದ ಮಟ್ಟದವರೆಗೆ ಇಳಿದಿರಲಿಕ್ಕಿಲ್ಲ, ನಡುವೆ ಗಟ್ಟಿ ಬಂಡೆ ಇದೆ ಅಂತ ಅಂದುಕೊಂಡಿದ್ದರು. 1908ರ ಜುಲೈ 24ರಂದು ಒಂದು ಸಿಡಿತಕ್ಕೆ ಬಂಡೆ ಮುಗಿದು, ನೀರು ತುಂಬಿದ ಜಲ್ಲಿ ಒಳನುಗ್ಗಿತು. 25 ಕೆಲಸಗಾರರು ಸತ್ತರು. ಆ ಭಾಗವನ್ನು ಗೋಡೆ ಕಟ್ಟಿ ಮುಚ್ಚಿ, ಸುರಂಗವನ್ನು ಬಳಸುದಾರಿಯಲ್ಲಿ ತಿರುಗಿಸಬೇಕಾಯಿತು.

ಈಗ ಮುಖದಿಂದಲೇ ಮುಂದಕ್ಕೆ ಪರೀಕ್ಷಾ ತೂತು ಕೊರೆಯುವ ರೂಢಿ ಇದೆ. ಸಮಯ ಉಳಿಸಲು ಮೊದಲು ಬಿಟ್ಟುಬಿಡುವುದೂ ಅದನ್ನೇ.

ಕಂಪ್ಯೂಟರ್ ಮಾದರಿ ಮಾಡಿದರೆ ಇಷ್ಟೆಲ್ಲ ಬೇಕಾ?

ಮಾದರಿಗೆ ಕೊಡಲು ಸಂಖ್ಯೆ ಇಲ್ಲಿಂದಲೇ ಬರಬೇಕು. ಬಣ್ಣ ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ. ಜಿಎಸ್‌ಐ 45 ಅಂತ ಒಂದೇ ಸಂಖ್ಯೆ ಹಾಕಿ ಓಡಿಸಬೇಡಿ, 35, 45, 55 ಮೂರಕ್ಕೂ ಓಡಿಸಿ. 35ಕ್ಕೆ ಉತ್ತರ ಪೂರ್ತಿ ಬದಲಾದರೆ ನಿಮ್ಮ ವಿನ್ಯಾಸ ಅಂಚಿನಲ್ಲಿದೆ.

ಬಂಡೆ ಎಷ್ಟು ಸರಿಯುತ್ತಿದೆ ಅಂತ ಅಳತೆ ಮಾಡುತ್ತಲೇ ಇದ್ದೇವೆ. ಯಾವಾಗ ಕೆಲಸ ನಿಲ್ಲಿಸಬೇಕು?

ಒಟ್ಟು ಎಷ್ಟು ಸರಿಯಿತು ಅನ್ನುವುದಕ್ಕಿಂತ ವೇಗ ಹೇಗೆ ಬದಲಾಗುತ್ತಿದೆ ಅಂತ ನೋಡಿ. ಮೊದಲು ಜೋರಾಗಿ ಸರಿದು ದಿನದಿಂದ ದಿನಕ್ಕೆ ನಿಧಾನವಾದರೆ ಬಂಡೆ ಆಸರೆಯ ಜೊತೆ ಹೊಂದಿಕೊಳ್ಳುತ್ತಿದೆ. ಹೊಸ ಅಗೆತವಿಲ್ಲದೆ, ಮಳೆಯೂ ಇಲ್ಲದೆ ವೇಗ ಏರುತ್ತಿದ್ದರೆ ಜನರನ್ನು ಹೊರಗೆ ಕರೆಯಿರಿ. ಇಳಿಜಾರಿನಲ್ಲಿ 1 ಅನ್ನು ವೇಗದಿಂದ ಭಾಗಿಸಿ ದಿನದ ಎದುರು ಗೆರೆ ಎಳೆಯುವ ವಿಧಾನವಿದೆ. ಅದನ್ನು 1985ರಲ್ಲಿ ಫುಕುಜೋನೊ ಕೊಟ್ಟರು. ಗೆರೆ ಸೊನ್ನೆಗೆ ಮುಟ್ಟುವ ದಿನ ಕುಸಿತದ ಅಂದಾಜು ದಿನ.

ಅಳತೆ ಇದ್ದರೂ ಸಾಲದು ಅನ್ನುವುದಕ್ಕೆ ಇಟಲಿಯ ವಾಯೊಂಟ್ ಇದೆ. ಅಣೆಕಟ್ಟಿನ ಹಿನ್ನೀರಿನ ಮೇಲಿದ್ದ ಗುಡ್ಡ ಸರಿಯುತ್ತಿರುವುದನ್ನು ಸುಮಾರು ಮೂರು ವರ್ಷ ಅಳೆಯುತ್ತಲೇ ಇದ್ದರು. ನೀರಿನ ಮಟ್ಟ ಏರಿಸಿ ಇಳಿಸಿ ಅದನ್ನು ಹತೋಟಿಯಲ್ಲಿ ಇಡಬಹುದು ಅಂತ ನಂಬಿದ್ದರು. 1963ರ ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬಂಡೆ ಒಂದೇ ಸಲ ಜಾರಿ ಬಂತು. ಅಣೆಕಟ್ಟಿನ ಮೇಲಿಂದ ಹಾರಿದ ನೀರಿಗೆ ಸುಮಾರು 2000 ಜನ ಬಲಿಯಾದರು. ಜಾರಿದ್ದು ಸುಣ್ಣಕಲ್ಲಿನ ನಡುವಿನ ತೆಳ್ಳನೆ ಜೇಡಿ ಪದರಗಳ ಮೇಲೆ.

ಆದ್ದರಿಂದ ಎಚ್ಚರಿಕೆಯ ಮಟ್ಟಗಳನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದಿಡಿ: ಎಷ್ಟಾದರೆ ಅಳತೆ ಹೆಚ್ಚಿಸುವುದು, ಎಷ್ಟಾದರೆ ಆಸರೆ ಹೆಚ್ಚಿಸುವುದು, ಎಷ್ಟಾದರೆ ಜನರನ್ನು ಹೊರಗೆ ಕಳಿಸುವುದು. ಮೂರನೆಯದನ್ನು ಪಾಳಿಯ ಮೇಲ್ವಿಚಾರಕರೇ ತೀರ್ಮಾನಿಸಬಹುದು ಅಂತಲೂ ಅದರಲ್ಲಿ ಬರೆದಿರಬೇಕು. ರಾತ್ರಿ ಎರಡು ಗಂಟೆಗೆ ಯಾರ ಅನುಮತಿಗೂ ಕಾಯುವ ಹಾಗಿರಬಾರದು.